ಕುಟುಂಬ ಸಾಕು, ಕಾನೂನು ಕೊಡಿ

ಟೌನ್‌ಹಾಲ್ ಮೀಟಿಂಗಿನಲ್ಲಿ ಕಂಪನಿಯ ದೊಡ್ಡ ಸಾಹೇಬರು ‘ನಾವೆಲ್ಲ ಒಂದೇ ಕುಟುಂಬ’ ಅಂದರೆ, ಅವತ್ತು ರಾತ್ರಿಯೇ ರೆಸ್ಯೂಮೆ ತಿದ್ದಿಟ್ಟುಕೊಳ್ಳುವವನು ಜಾಣ. ಮೈಸೂರಿನ ಅಗ್ರಹಾರದಲ್ಲಿ ಈ ಮಾತು ಈಗ ಗಾದೆಯ ಮಟ್ಟಕ್ಕೆ ಏರಿದೆ. ನೂರೊಂದು ಗಣಪತಿ ದೇವಸ್ಥಾನದ ಮುಂದೆ ಬೆಳಿಗ್ಗೆ ಕೊರಳಲ್ಲಿ ಐಡಿ ಕಾರ್ಡು ತೂಗಿಸಿಕೊಂಡು ಕೈಮುಗಿಯುವ ಹುಡುಗ ಹುಡುಗಿಯರನ್ನು ನೋಡಿ. ಅಷ್ಟೂ ಗಣಪತಿಗಳಿಗೆ ಹಂಚುವಷ್ಟು ಅರ್ಜಿ ಅವರ ಹತ್ತಿರ ಇರುತ್ತದೆ. ಒಬ್ಬ ಗಣಪತಿಗೆ ರೇಟಿಂಗು, ಇನ್ನೊಬ್ಬನಿಗೆ ಆನ್‌ಸೈಟು, ಮಗದೊಬ್ಬನಿಗೆ ಮ್ಯಾನೇಜರಿನ ವರ್ಗಾವಣೆ. ವಿಘ್ನನಿವಾರಕನಿಗೆ ಇಷ್ಟು ಎಸ್ಕಲೇಷನ್ ಹಿಂದೆಂದೂ ಬಂದಿರಲಿಕ್ಕಿಲ್ಲ.

ಇದೇ ಬೀದಿಗಳ ಹಿರಿಯರಲ್ಲಿ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರಿದ್ದಾರೆ, ಯಾದವಗಿರಿಯ ಐಡಿಯಲ್ ಜಾವಾದಲ್ಲಿ ಬೈಕು ಜೋಡಿಸಿದವರಿದ್ದಾರೆ. ಅವರನ್ನು ಯಾರೂ ಕುಟುಂಬ ಅಂತ ಕರೆಯಲಿಲ್ಲ. ಸೈರನ್ ಕೂಗಿತು, ಒಳಗೆ ಹೋದರು. ಸೈರನ್ ಕೂಗಿತು, ಹೊರಗೆ ಬಂದರು. ಸೂಪರ್‌ವೈಸರ್ ಬೈದ, ಯೂನಿಯನ್ ತಿರುಗಿ ಬೈಯಿತು. ಯಾರು ಯಾರಿಗೆ ಏನು ಎಂಬುದರಲ್ಲಿ ಗೊಂದಲವೇ ಇರಲಿಲ್ಲ. ಮೊಮ್ಮಕ್ಕಳ ಕಾಲ ಹಾಗಲ್ಲ. ಬೈಯುವವರೇ ಇಲ್ಲ. ಎಲ್ಲರೂ ‘ಫೀಡ್‌ಬ್ಯಾಕ್’ ಕೊಡುತ್ತಾರೆ. ಎಲ್ಲರೂ ‘ಕನೆಕ್ಟ್’ ಆಗುತ್ತಾರೆ. ರಾತ್ರಿ ಹತ್ತೂವರೆಗೆ ಮೆಸೇಜು ಹಾಕುವವರೂ ‘ಅರ್ಜೆಂಟೇನಿಲ್ಲ, ಬೆಳಿಗ್ಗೆ ಎಂಟರೊಳಗೆ ಕೊಟ್ಟರೆ ಸಾಕು’ ಎಂದು ಅತ್ಯಂತ ವಿನಯದಿಂದಲೇ ಹಾಕುತ್ತಾರೆ.

ಈ ವಿನಯದ ಪರಾಕಾಷ್ಠೆ ಅಪ್ರೈಸಲ್ ಮೀಟಿಂಗು. ಇಂಥದೇ ಕಂಪನಿ ಎಂದೇನಿಲ್ಲ, ಸಂಭಾಷಣೆ ಎಲ್ಲ ಕಡೆಯೂ ಒಂದೇ.

‘ಈ ವರ್ಷ ನೀವು ಚೆನ್ನಾಗಿ ಕೆಲಸ ಮಾಡಿದ್ದೀರಿ.’

‘ಥ್ಯಾಂಕ್ಸ್ ಸರ್.’

‘ತುಂಬಾ ಚೆನ್ನಾಗಿ ಮಾಡಿದ್ದೀರಿ.’

ಎರಡನೇ ಸಲ ಹೊಗಳಿದರೆ ಅಪಶಕುನ. ಅನುಭವಸ್ಥರು ಇಲ್ಲಿಗೇ ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

‘ಆದ್ರೆ ಟೀಮ್‌ನಲ್ಲಿ ಎಲ್ರೂ ಚೆನ್ನಾಗೇ ಮಾಡಿದ್ದಾರೆ. ಬೆಲ್ ಕರ್ವ್ ಒಪ್ಪಲ್ಲ ನೋಡಿ. ಯಾರಾದ್ರೂ ಒಬ್ರು ಕೆಳಗೆ ಇರ್ಲೇಬೇಕು.’

‘ನಾನೇ ಯಾಕೆ ಸರ್?’

‘ನಿಮಗೆ ಮೆಚ್ಯೂರಿಟಿ ಇದೆ. ಅರ್ಥ ಮಾಡ್ಕೋತೀರಿ.’

ಅರ್ಥ ಮಾಡಿಕೊಳ್ಳದೆ ವಾದಿಸಿದವನಿಗೆ ಮೆಚ್ಯೂರಿಟಿ ಇಲ್ಲ ಎಂದಾಯಿತು, ಆದ್ದರಿಂದ ಕೆಳಗಿನ ರೇಟಿಂಗು. ಅರ್ಥ ಮಾಡಿಕೊಂಡು ಸುಮ್ಮನಾದವನಿಗೆ ಹೇಗೂ ಕೆಳಗಿನ ರೇಟಿಂಗು. ಎರಡು ಸಲ ಹೀಗಾದರೆ ಪಿಐಪಿ, ಅಂದರೆ ಸುಧಾರಣಾ ಯೋಜನೆ. ಅದರಲ್ಲಿ ಸುಧಾರಿಸಿ ಹೊರಬಂದವರ ಕಥೆಯನ್ನು ಕೇಳಿದವರುಂಟು, ಕಂಡವರು ಕಡಿಮೆ.

ಇರಲಿ, ಇದೆಲ್ಲ ಮನೆಮನೆಯ ಪುರಾಣ. ಊರಿಗೇ ಗೊತ್ತಿರುವ, ಪತ್ರಿಕೆಗಳಲ್ಲಿ ಅಚ್ಚಾದ ಪ್ರಸಂಗಕ್ಕೆ ಬರೋಣ. ಅಗ್ರಹಾರದಿಂದ ಊರಿನ ಇನ್ನೊಂದು ತುದಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶ. ಅಲ್ಲಿ ಮುನ್ನೂರಕ್ಕೂ ಹೆಚ್ಚು ಎಕರೆಯಲ್ಲಿ ಇನ್ಫೊಸಿಸ್ ಕ್ಯಾಂಪಸ್ಸು. 2024ರ ಡಿಸೆಂಬರ್ 31ರ ನಸುಕಿನಲ್ಲಿ ಅಲ್ಲಿಗೆ ಚಿರತೆಯೊಂದು ಬಂತು, ಸಿಸಿಟಿವಿಯಲ್ಲಿ ಕಂಡಿತು. ಅವತ್ತು ಉದ್ಯೋಗಿಗಳಿಗೆ ಮನೆಯಿಂದಲೇ ಕೆಲಸ. ತರಬೇತಿಯ ಹುಡುಗರಿಗೆ ಹಾಸ್ಟೆಲಿನಲ್ಲೇ ಇರುವಂತೆ ಸೂಚನೆ. ಆಫೀಸಿಗೇ ಬನ್ನಿ ಎಂದು ಎಲ್ಲ ಕಂಪನಿಗಳೂ ಪಟ್ಟು ಹಿಡಿದಿದ್ದ ಕಾಲವದು. ಯಾವ ಯೂನಿಯನ್ನಿಗೂ ಕೊಡಿಸಲಾಗದ ವರ್ಕ್ ಫ್ರಮ್ ಹೋಮನ್ನು ಚಿರತೆ ಒಂದೇ ಭೇಟಿಯಲ್ಲಿ ಕೊಡಿಸಿತು. ಅದಕ್ಕೆ ಅಪ್ರೂವಲ್ ಬೇಕಾಗಲಿಲ್ಲ, ಟಿಕೆಟ್ ರೈಸ್ ಮಾಡಲಿಲ್ಲ. ಅರಣ್ಯ ಇಲಾಖೆ ಬೋನಿಟ್ಟಿತು, ಡ್ರೋನು ಹಾರಿಸಿತು. ಅದು ಸಿಗಲೂ ಇಲ್ಲ. ಆ ಕ್ಯಾಂಪಸ್ಸಿನಿಂದ ತನಗೆ ಬೇಕಾದಾಗ, ಯಾವ ಕಾಗದಕ್ಕೂ ಸಹಿ ಹಾಕದೆ ಹೊರಟ ಪ್ರಾಣಿ ಅದೊಂದೇ ಇರಬೇಕು.

ಐದು ವಾರ ಕಳೆದು, 2025ರ ಫೆಬ್ರುವರಿ 7ರಂದು, ಹೊರಡುವ ಸರದಿ ಮನುಷ್ಯರದಾಯಿತು. 2022ರಲ್ಲಿ ಇಂಜಿನಿಯರಿಂಗ್ ಮುಗಿಸಿ ಆಫರ್ ಲೆಟರ್ ಹಿಡಿದವರು, ಕೆಲಸಕ್ಕೆ ಕರೆ ಬರಲು ಎರಡು ವರ್ಷಕ್ಕೂ ಹೆಚ್ಚು ಕಾದು, 2024ರಲ್ಲಿ ತರಬೇತಿಗೆ ಸೇರಿದವರು; ಅವರನ್ನು ಕಂಪನಿ ಹೊರಗೆ ಕಳಿಸಿತು. ಆಂತರಿಕ ಪರೀಕ್ಷೆಯಲ್ಲಿ ಮೂರು ಅವಕಾಶ ಕೊಟ್ಟರೂ ಪಾಸಾಗಲಿಲ್ಲ, ಎರಡು ದಶಕದಿಂದ ಇದೇ ಪದ್ಧತಿ ಎಂದು ಕಂಪನಿ ಹೇಳಿತು. ಕಂಪನಿಯ ಲೆಕ್ಕದಲ್ಲಿ ಮುನ್ನೂರು ಚಿಲ್ಲರೆ ಮಂದಿ. ನೌಕರರ ಸಂಘಟನೆ ನೈಟ್ಸ್ ಲೆಕ್ಕದಲ್ಲಿ ಸುಮಾರು ಏಳುನೂರು. ಲೆಕ್ಕದಲ್ಲಿ ಇಷ್ಟು ಅಂತರವಿದ್ದರೂ ಕಾಗದದ ಹೆಸರಿನಲ್ಲಿ ವಿವಾದವಿಲ್ಲ: ‘ಪರಸ್ಪರ ಒಪ್ಪಿಗೆಯ ಬೇರ್ಪಡೆ’. ಇಪ್ಪತ್ಮೂರು ವರ್ಷದ ಹುಡುಗಿ ಒಂದು ಕಡೆ, ಮೂರು ಲಕ್ಷಕ್ಕೂ ಹೆಚ್ಚು ಉದ್ಯೋಗಿಗಳ ಕಂಪನಿ ಇನ್ನೊಂದು ಕಡೆ. ಇಬ್ಬರೂ ಕೂತು ಮಾತಾಡಿ, ಪರಸ್ಪರ ಒಪ್ಪಿ, ಬೇರೆಯಾದರು. ನಮ್ಮ ಕುಟುಂಬ ನ್ಯಾಯಾಲಯಗಳಲ್ಲಿ ಇಷ್ಟು ಸಲೀಸಾಗಿ ಯಾವ ವಿಚ್ಛೇದನವೂ ಆಗುವುದಿಲ್ಲ.

ಒಪ್ಪಿಗೆಯ ಆ ಕೋಣೆಗೆ ಬೌನ್ಸರುಗಳು ಬೇಕಾದರು ಎಂದು ನೈಟ್ಸ್ ದೂರಿತು. ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯಕ್ಕೆ ಪತ್ರ ಬರೆಯಿತು. ರಾಜ್ಯದ ಅಧಿಕಾರಿಗಳು ಕ್ಯಾಂಪಸ್ಸಿಗೆ ಹೋಗಿ ನೋಡಿ ಬಂದರು. ಆಮೇಲೆ ಪತ್ರಿಕೆಗಳಲ್ಲಿ ಬಂದದ್ದು ಇಷ್ಟು: ಇವರು ತರಬೇತಿಯವರು, ಖಾಯಂ ನೌಕರರಲ್ಲ, ಹೀಗಾಗಿ ಲೇಆಫ್ ನಿಯಮ ಇವರಿಗೆ ಅನ್ವಯಿಸದು. ಇಲ್ಲಿದೆ ನೋಡಿ ಇಡೀ ಉದ್ಯಮದ ಕೌಶಲ. ಸ್ವಾಗತ ಭಾಷಣದಲ್ಲಿ ಕುಟುಂಬದ ಸದಸ್ಯ. ಕಾರ್ಮಿಕ ಇಲಾಖೆಯ ಕಡತದಲ್ಲಿ ನೌಕರನೂ ಅಲ್ಲ.

ಹೋಗಲಿ, ಪಾಸಾದವನ ಗತಿ ಏನು? ಎರಡು ಮೂರು ವರ್ಷಕ್ಕೆ ಅವನ ಹೆಸರಿನ ಮುಂದೆ ‘ಸೀನಿಯರ್’ ಬರುತ್ತದೆ, ಮುಂದೆ ‘ಲೀಡ್’, ಆಮೇಲೆ ‘ಮ್ಯಾನೇಜರ್’. ಅವನ ಕೈಕೆಳಗೆ ಯಾರೂ ಇಲ್ಲದಿದ್ದರೂ ಮ್ಯಾನೇಜರ್. ಮನೆಯವರು ಸಂಭ್ರಮದಿಂದ ಮೈಸೂರು ಪಾಕು ಹಂಚುತ್ತಾರೆ. ಮ್ಯಾನೇಜರ್ ಎಂಬ ಹಣೆಪಟ್ಟಿ ಬಿದ್ದವನನ್ನು ಕೆಲಸದಿಂದ ತೆಗೆದಾಗ, ಇವರು ಆಡಳಿತ ವರ್ಗದವರು, ಕಾನೂನಿನ ಪ್ರಕಾರ ‘ಕಾರ್ಮಿಕ’ ಅಲ್ಲ ಎಂದು ಕಂಪನಿಯ ವಕೀಲರು ವಾದಿಸುತ್ತಾರೆ. ಅಂದರೆ ಸೇರುವಾಗ ಟ್ರೈನಿ, ಹೋಗುವಾಗ ಮ್ಯಾನೇಜರ್. ನಡುವೆ ಆತ ಕಾರ್ಮಿಕ ಆಗಿದ್ದದ್ದು ಯಾವಾಗ? ಬಹುಶಃ ಶನಿವಾರ ಭಾನುವಾರ.

ಕೆಲಸದ ಗಂಟೆಗಳ ಮಾತು ಬಂತು. ಎನ್.ಆರ್. ನಾರಾಯಣಮೂರ್ತಿಯವರು ಓದಿದ ಎನ್‌ಐಇ ಕಾಲೇಜು ಅಗ್ರಹಾರಕ್ಕೆ ಹೆಚ್ಚು ದೂರವಿಲ್ಲ, ಮಾನಂದವಾಡಿ ರಸ್ತೆಯಲ್ಲಿದೆ. ಅವರು ಅಲ್ಲಿ ಪದವಿ ಪಡೆದದ್ದು 1967ರಲ್ಲಿ. 2023ರ ಅಕ್ಟೋಬರಿನಲ್ಲಿ ಅವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಆಂಡ್ ಟಿಯ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿ, ಮನೆಯಲ್ಲಿ ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂಬ ಧಾಟಿಯಲ್ಲಿ ಕೇಳಿದರು. ಹರಾಜು ಅಲ್ಲಿಗೆ ನಿಂತಿದೆ. ವಾರದಲ್ಲಿ ಇರುವುದೇ 168 ಗಂಟೆ, ಆದ್ದರಿಂದ ಕೂಗಲು ಇನ್ನೂ ಜಾಗವಿದೆ.

ನಡುವೆ ನಮ್ಮ ರಾಜ್ಯ ಸರ್ಕಾರ ಸುಮ್ಮನೆ ಕೂತಿರಲಿಲ್ಲ. ಐಟಿಯವರ ದಿನದ ದುಡಿಮೆಯನ್ನು 14 ಗಂಟೆವರೆಗೂ ಎಳೆಯುವ ಪ್ರಸ್ತಾವವೊಂದು 2024ರ ಜುಲೈನಲ್ಲಿ ಚರ್ಚೆಗೆ ಬಂತು. ಅಗ್ರಹಾರದ ಯಾವ ಲೆಕ್ಕದ ಮೇಷ್ಟ್ರೂ ಬೆರಳಲ್ಲೇ ಎಣಿಸಿಬಿಡುತ್ತಾರೆ: ಹದಿನಾಲ್ಕು ಐದಲಿ ಎಪ್ಪತ್ತು. ಐಟಿ ನೌಕರರ ಸಂಘ ಕೀಟು ಬೀದಿಗಿಳಿದ ಮೇಲೆ ಪ್ರಸ್ತಾವ ಹಿಂದೆ ಸರಿಯಿತು. ಮಾರನೇ ವರ್ಷ ಜೂನ್‌ನಲ್ಲಿ ದಿನಕ್ಕೆ 10, ಓವರ್‌ಟೈಮ್ ಸೇರಿ 12 ಎಂಬ ಹೊಸ ಅವತಾರದಲ್ಲಿ ಮತ್ತೆ ಮುಖ ತೋರಿಸಿತು.

ಇದರ ತಮಾಷೆ ಇರುವುದು ಮುಂದೆ. 2025ರ ಮಧ್ಯಭಾಗದಲ್ಲಿ ಅದೇ ಇನ್ಫೊಸಿಸ್, ಮನೆಯಿಂದ ಕೆಲಸ ಮಾಡುವಾಗ ದಿನದ ಸರಾಸರಿ ಒಂಬತ್ತೂಕಾಲು ಗಂಟೆ ದಾಟಿದ ಉದ್ಯೋಗಿಗಳಿಗೆ, ಆರೋಗ್ಯ ನೋಡಿಕೊಳ್ಳಿ, ಬಿಡುವು ತೆಗೆದುಕೊಳ್ಳಿ ಎಂದು ಇಮೇಲ್ ಕಳಿಸುತ್ತಿರುವ ಸುದ್ದಿ ಬಂತು. ವಾರಕ್ಕೆ ಐದು ದಿನ ಹಿಡಿದರೆ 46 ಗಂಟೆ ಹದಿನೈದು ನಿಮಿಷ. ಸಂಸ್ಥಾಪಕರ ವೇದಿಕೆಯಲ್ಲಿ 70, ಎಚ್‌ಆರ್ ಇಮೇಲಿನಲ್ಲಿ 46. ಇನ್ನು ಯಾವುದೇ ಕಂಪನಿಯ ಟೈಮ್‌ಶೀಟು ತೆಗೆದರೂ ದಿನಕ್ಕೆ ಎಂಟೇ, ವಾರಕ್ಕೆ 40. ಅದಕ್ಕಿಂತ ಹೆಚ್ಚು ತುಂಬಿದರೆ ‘ಪ್ರಾಜೆಕ್ಟಿಗೆ ಬಜೆಟ್ ಇಲ್ಲ’ ಎಂದು ವಾಪಸು ಬರುತ್ತದೆ. ದುಡಿದದ್ದು ಹನ್ನೆರಡು, ಬರೆದದ್ದು ಎಂಟು, ನಡುವಿನ ನಾಲ್ಕು ಗಂಟೆ ಯಾರ ಖಾತೆಗೂ ಇಲ್ಲ. ಅದರ ಹೆಸರೇ ‘ಓನರ್‌ಶಿಪ್’. ಷೇರು ಮಾತ್ರ ಬೇರೆಯವರ ಹೆಸರಲ್ಲಿರುತ್ತದೆ.

ಈಗ ನೂರೊಂದು ಗಣಪತಿಗಳಿಂದಲೂ ಬಗೆಹರಿಯದ ಪ್ರಶ್ನೆ. ಜಾವಾ ಕಾರ್ಖಾನೆಯ ಅಜ್ಜನಿಗೆ ಇದ್ದದ್ದು, ಐಟಿ ಮೊಮ್ಮಗಳಿಗೆ ಇಲ್ಲದ್ದು ಏನು? ಒಂದು ಬೋರ್ಡು. 1946ರ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆ ಎಂಬುದೊಂದಿತ್ತು. ಕೆಲಸದ ವೇಳೆ, ರಜೆ, ಯಾವುದು ದುರ್ನಡತೆ, ಯಾವ ಕ್ರಮದಲ್ಲಿ ವಿಚಾರಣೆ, ಹೇಗೆ ವಜಾ, ದೂರು ಯಾರಿಗೆ ಎಂಬುದನ್ನೆಲ್ಲ ಮಾಲೀಕ ಬರೆದು, ಸರ್ಕಾರದ ಮುದ್ರೆ ಹಾಕಿಸಿ, ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಬಾಗಿಲ ಬಳಿಯೇ ತೂಗುಹಾಕಬೇಕಿತ್ತು. ಮೊಮ್ಮಗಳ ಕಂಪನಿಯಲ್ಲಿ ಇದೆಲ್ಲ ಪೋರ್ಟಲಿನಲ್ಲಿದೆ, ಇಂಗ್ಲಿಷಿನಲ್ಲಿದೆ. ಕೆಲಸ ಹೋದ ಕ್ಷಣಕ್ಕೆ ಲಾಗಿನ್ನೂ ಹೋಗುತ್ತದೆ. ನಿಯಮ ಓದಬೇಕು ಅನಿಸುವ ಹೊತ್ತಿಗೆ ನಿಯಮ ಕಾಣಿಸುವುದಿಲ್ಲ.

ಕರ್ನಾಟಕ ಸರ್ಕಾರ ಈ ಕಾಯ್ದೆಯಿಂದ ಐಟಿಯವರಿಗೆ 2014ರಲ್ಲಿ ಐದು ವರ್ಷ ವಿನಾಯಿತಿ ಕೊಟ್ಟಿತು. 2019ರಲ್ಲಿ ಮತ್ತೆ ಐದು ವರ್ಷ. 2024ರಲ್ಲಿ ಮಗದೊಂದು ಐದು ವರ್ಷ. ಪಕ್ಷ ಬದಲಾಯಿತು, ಮುಖ್ಯಮಂತ್ರಿ ಬದಲಾದರು. ವಿನಾಯಿತಿ ಮಾತ್ರ ಖಾಯಂ ನೌಕರ. ಬದಲಿಗೆ ಒಂದೆರಡು ಷರತ್ತು: ಮಾಲೀಕ ನೌಕರ ಇಬ್ಬರ ಕಡೆಯವರೂ ಇರುವ ಅಹವಾಲು ಸಮಿತಿ ಇರಬೇಕು, ವಜಾ, ಅಮಾನತು ಮಾಡಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಆ ಸಮಿತಿಯಲ್ಲಿ ಯಾರಿದ್ದಾರೆ ಎಂದು ನಿಮ್ಮ ಮನೆಯ ಐಟಿ ಉದ್ಯೋಗಿಯನ್ನು ಇವತ್ತು ಊಟಕ್ಕೆ ಕೂತಾಗ ಕೇಳಿ ನೋಡಿ. ಕ್ಯಾಂಟೀನ್ ಮೆನು ಹೇಳುತ್ತಾರೆ, ಸಿಇಒ ಹುಟ್ಟುಹಬ್ಬ ಹೇಳುತ್ತಾರೆ, ಅದೊಂದು ಹೇಳುವುದಿಲ್ಲ.

ನಾರಾಯಣಮೂರ್ತಿಯವರೂ ಆ ಕಾಯ್ದೆಯೂ ಹುಟ್ಟಿದ್ದು ಒಂದೇ ವರ್ಷ, 1946ರಲ್ಲಿ. ಮೂರ್ತಿಯವರು ಇಂದಿಗೂ ನಮಗೆ ದುಡಿಮೆಯ ಉಪದೇಶ ಮಾಡುವಷ್ಟು ಗಟ್ಟಿಯಾಗಿದ್ದಾರೆ, ನೂರ್ಕಾಲ ಇರಲಿ. ಕಾಯ್ದೆ 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗೆ ಜಾಗ ಬಿಟ್ಟು ತೀರಿಹೋಯಿತು. 300 ಮತ್ತು ಹೆಚ್ಚು ಕಾರ್ಮಿಕರಿದ್ದರೆ ಸ್ಥಾಯಿ ಆದೇಶ ಕಡ್ಡಾಯ ಎಂದು ಹೊಸ ಸಂಹಿತೆಯಲ್ಲೂ ಇದೆ. ಸರ್ಕಾರ ಮನಸ್ಸು ಮಾಡಿದರೆ ವಿನಾಯಿತಿ ಕೊಡಬಹುದು ಎಂದೂ ಇದೆ. ಮನಸ್ಸು ಮಾಡುವುದರಲ್ಲಿ ನಮ್ಮ ಸರ್ಕಾರಗಳು ಎಂದೂ ಹಿಂದೆ ಬಿದ್ದಿಲ್ಲ.

ಐಟಿ ಬಂದದ್ದರಿಂದಲೇ ಎಷ್ಟೋ ಮನೆಗಳ ಸಾಲ ತೀರಿತು, ತಾರಸಿ ಬಂತು, ಹುಡುಗಿಯರ ಕೈಗೆ ಸ್ವಂತ ದುಡ್ಡು ಬಂತು. ಇಲ್ಲ ಅಂದರೆ ನಾಲಗೆಗೆ ಹುಳ ಬೀಳುತ್ತದೆ. ಆದರೆ ಹೊಸಬರ ಆರಂಭದ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿ ಹತ್ತಾರು ವರ್ಷದಿಂದ ಧ್ಯಾನಕ್ಕೆ ಕೂತಿದೆ. 2024–25ರಲ್ಲಿ ಇನ್ಫೊಸಿಸ್ ಸಿಇಒ ಅವರ ಸಂಭಾವನೆ 80 ಕೋಟಿ ದಾಟಿತು; ಹಿಂದಿನ ವರ್ಷ 66 ಕೋಟಿ. 3.6 ಲಕ್ಷದ ಲೆಕ್ಕದಲ್ಲಿ ಒಬ್ಬರ ಸಂಬಳಕ್ಕೆ ಎರಡು ಸಾವಿರಕ್ಕೂ ಹೆಚ್ಚು ಹೊಸಬರ ಸಂಬಳ ಸಮ. ಒಂದೇ ಕುಟುಂಬದಲ್ಲಿ ಹಿರಿಯಣ್ಣನಿಗೆ ಸ್ವಲ್ಪ ಹೆಚ್ಚು ತುಪ್ಪ ಬೀಳುವುದು ವಾಡಿಕೆ, ಒಪ್ಪಿಕೊಳ್ಳೋಣ.

ಬೋರ್ಡು ಇದ್ದ ಮಾತ್ರಕ್ಕೆ ಜಾವಾ ಉಳಿಯಿತೇ ಎಂದು ಕೇಳುವವರಿದ್ದಾರೆ. ಉಳಿಯಲಿಲ್ಲ, 1996ರಲ್ಲಿ ಬಾಗಿಲು ಹಾಕಿತು. ಆದರೆ ಅಲ್ಲಿಯ ಕಾರ್ಮಿಕನನ್ನು ನೀನು ಕಾರ್ಮಿಕನೇ ಅಲ್ಲ ಎಂದು ಯಾರೂ ಅನ್ನಲಿಲ್ಲ. ಕೆಲಸ ಹೋದದ್ದಕ್ಕೆ ತನ್ನ ಮೆಚ್ಯೂರಿಟಿಯ ಕೊರತೆಯೇ ಕಾರಣ ಎಂದು ಅವನು ನಂಬಿಕೊಳ್ಳಬೇಕಾಗಿಯೂ ಇರಲಿಲ್ಲ.

ಆದ್ದರಿಂದ ಕಂಪನಿಗಳಲ್ಲಿ ಒಂದು ವಿನಂತಿ: ನಮ್ಮ ಮಕ್ಕಳಿಗೆ ಕುಟುಂಬ ಮನೆಯಲ್ಲೇ ಇದೆ, ಅಲ್ಲಿಯ ಜಗಳಗಳೇ ಅವರಿಗೆ ಸಾಕು. ನಿಮ್ಮಿಂದ ಬೇಕಾದದ್ದು ಗಂಟೆಗೆ ತಕ್ಕ ಕೂಲಿ ಮತ್ತು ಮುದ್ರೆ ಬಿದ್ದ ನಿಯಮ. ಸರ್ಕಾರದಲ್ಲಿ ಇನ್ನೊಂದು: ಮುಂದಿನ ವಿನಾಯಿತಿಯ ಕಡತ ಮೇಜಿಗೆ ಬಂದಾಗ, ಆ ಅಹವಾಲು ಸಮಿತಿಗಳು ಎಷ್ಟು ಕಂಪನಿಗಳಲ್ಲಿ ಎಷ್ಟು ಸಲ ಕೂತಿವೆ ಎಂದು ಕೇಳಿ ಆಮೇಲೆ ಸಹಿ ಹಾಕಿ. ಮತ್ತು ಆಫರ್ ಲೆಟರ್ ಹಿಡಿದು ಗಣಪತಿಯ ಮುಂದೆ ನಿಂತಿರುವ ಹುಡುಗ ಹುಡುಗಿಯರೇ, ಸಂಬಳದ ಸಾಲಿಗಿಂತ ಮುಂಚೆ ನಿಮ್ಮನ್ನು ತೆಗೆದುಹಾಕುವ ಸಾಲು ಓದಿ. ಕೀಟು 2017ರಿಂದ ಇದೆ, ಸದಸ್ಯರಾಗಿ. ಅದಕ್ಕೆ ಮ್ಯಾನೇಜರಿನ ಅಪ್ರೂವಲ್ ಬೇಕಿಲ್ಲ.