ಐವತ್ತೊಂದನೆಯವರು

ಕೊರೊನಾದಿಂದ ದೇಶಕ್ಕೆ ಬೀಗ ಬಿದ್ದದ್ದು ಉಗಾದಿಯ ದಿನ, 2020ರ ಮಾರ್ಚ್ 25ರಂದು. ಶಾರ್ವರಿ ಸಂವತ್ಸರದ ಪಂಚಾಂಗದಲ್ಲಿ ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಎಷ್ಟು ಆದಾಯ, ಎಷ್ಟು ವ್ಯಯ ಎಂಬುದೆಲ್ಲ ಇತ್ತು. 21 ದಿನ ಯಾರೂ ಮನೆಯಿಂದ ಹೊರಬೀಳುವಂತಿಲ್ಲ ಎಂಬುದೊಂದು ಮಾತ್ರ ಬಿಟ್ಟುಹೋಗಿತ್ತು. 2021ರಲ್ಲಿ ಶಾರ್ವರಿ ಹೋಗಿ ಪ್ಲವ ಬಂತು. ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ರಾತ್ರಿ ಹತ್ತರ ಮೇಲೆ ಮತ್ತೆ ಕರ್ಫ್ಯೂ ಬಿತ್ತು. ನಮ್ಮ ಸಾಗರ ಸೀಮೆಯ ಹಳ್ಳಿಗಳಲ್ಲಿ ಒಂಬತ್ತಕ್ಕೇ ದೀಪ ಆರಿಸುವುದರಿಂದ ಅಂಥ ಕರ್ಫ್ಯೂ ಬಂದಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ.

ರೋಗಭಯ ನಮಗೆ ಹೊಸದೇನಲ್ಲ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ, 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ತೆಗೆದಿತ್ತು. ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗುವುದು ನಮಗೆ ಅಭ್ಯಾಸ. ಆದರೆ ಆ ಜ್ವರ ಉಣುಗಿನಿಂದ ಬರುತ್ತಿತ್ತು, ನೆಂಟರಿಂದ ಬರುತ್ತಿರಲಿಲ್ಲ. ಕೊರೊನಾ ಬೆಂಗಳೂರಿನ ಬಸ್ಸಿನಲ್ಲಿ, ಬ್ಯಾಗು ಹಿಡಿದುಕೊಂಡು, "ಅಮ್ಮಾ, ಬಂದೆ" ಎನ್ನುತ್ತ ಬರುತ್ತಿದ್ದ ರೋಗ.

ದೇಶಕ್ಕೆ ಬೀಗ ಬಿದ್ದ ಮೊದಲ ವಾರದಲ್ಲೇ ಊರಿನ ಹುಡುಗರು ರಸ್ತೆಗೆ ಅಡ್ಡಲಾಗಿ ಬಿದಿರು ಕಟ್ಟಿ ಮುಳ್ಳು ಹಾಕಿದರು. ಬೇಲಿ ಕಟ್ಟಿದವರಲ್ಲಿ ಅರ್ಧ ಜನರ ಅಣ್ಣತಮ್ಮಂದಿರು ಬೇಲಿಯ ಆಚೆಯಿಂದ ಬರಬೇಕಾದವರೇ. ಹಾಗಾಗಿ ಹಗಲಲ್ಲಿ ಹಾಕಿದ ಮುಳ್ಳು ರಾತ್ರಿ ಒಂದು ಕಾರು ಹಾಯುವಷ್ಟು ಸರಿಯುತ್ತಿತ್ತು. ಮೊದಲೆಲ್ಲ ಮಗ ಬೆಂಗಳೂರಿನಿಂದ ಬಂದರೆ ಜಗಲಿಯಲ್ಲಿ ಕೂತು ದಾರಿಹೋಕರಿಗೆಲ್ಲ ಹೇಳುತ್ತಿದ್ದ ತಾಯಂದಿರು ಆಗ ಮಗನನ್ನು ಕದ್ದು ತಂದ ನಾಟದ ಹಾಗೆ ಅಟ್ಟದ ಮೇಲೆ ಅಡಗಿಸಿಟ್ಟರು. ಆಶಾ ಕಾರ್ಯಕರ್ತೆಗೆ ಮಾತ್ರ ಎಲ್ಲ ಅಟ್ಟಗಳ ಲೆಕ್ಕವೂ ಗೊತ್ತಿತ್ತು.

ನಮ್ಮ ಮನೆಗೂ ತಮ್ಮ, ಅವನ ಹೆಂಡತಿ, ಮಕ್ಕಳು, ಅಕ್ಕನ ಮಗ ಎಲ್ಲರೂ ಬಂದು ಸೇರಿದರು. "ಇಷ್ಟು ದೊಡ್ಡ ಮನೆಯಲ್ಲಿ ನಾವಷ್ಟೇ ಕೂತು ಏನು ಮಾಡೋದು" ಎಂದು ವರ್ಷಗಟ್ಟಲೆ ಕೊರಗಿದ್ದ ಅಮ್ಮ ಒಂದೇ ತಿಂಗಳಲ್ಲಿ "ಆ ಆಫೀಸು ಯಾವಾಗ ತೆಗಿತಾರಂತೋ?" ಎಂದು ಕೇಳತೊಡಗಿದಳು. ಅಜ್ಜಿಯರ ಕಾಲದ ಮಡಿಯೇ ಇಂದಿನ ಸಾಮಾಜಿಕ ಅಂತರ ಎಂದು ಹೊಗಳುವ ಸಂದೇಶವೊಂದು ಆಗ ವಾಟ್ಸಾಪಿನಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ನಾನು ಅದನ್ನು ಯಾರಿಗೂ ಕಳಿಸಲಿಲ್ಲ. ಆ ಮಡಿಯಲ್ಲಿ ದೂರ ನಿಲ್ಲಬೇಕಾದವರು ಯಾರಾಗಿದ್ದರು ಎಂಬುದು ಎಲ್ಲರಿಗೂ ಗೊತ್ತಿದೆ.

ಏಪ್ರಿಲ್ ಎಂದರೆ ಹಲಸಿನ ಹಪ್ಪಳದ ಕಾಲ. ಕೇರಿಯ ಹೆಂಗಸರು ಒಂದೊಂದು ದಿನ ಒಂದೊಂದು ಮನೆಯಲ್ಲಿ ಸೇರಿ, ಬೇಯಿಸಿದ ಸೊಳೆಯನ್ನು ಒರಳಿಗೆ ಹಾಕಿ, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತಿ ಮುಗಿಸುವ ಕೆಲಸ ಅದು. 2020ರಲ್ಲಿ ಕೇರಿ ಸೇರುವಂತಿರಲಿಲ್ಲ. ಮನೆಗೆ ಬಂದ ಸಾಫ್ಟ್‌ವೇರಿನವರೇ ಒರಳಿಗೆ ಕೂತರು. ಒಣಗಲು ಚಾಪೆ ಹಾಸಿದ್ದು ಅಂಗಳದ ಮೂಡಣ ಮೂಲೆಯಲ್ಲಿ. ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದೂ ಆ ಮೂಲೆಯಲ್ಲೇ. ಹೀಗಾಗಿ ಅಕ್ಕನ ಮಗ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲೇ ಕೂತ. ಕಾಗೆ ಕಾಯುವ ಕೆಲಸ ತಾನಾಗಿಯೇ ಅವನಿಗೆ ಬಿತ್ತು. ಒಂದು ದಿನ ಅವನು ಗಂಭೀರವಾಗಿ ಇಂಗ್ಲಿಷಿನಲ್ಲಿ ಏನನ್ನೋ ವಿವರಿಸುತ್ತಿರುವಾಗ ಅಮ್ಮ ಅಡುಗೆಮನೆ ಕಿಟಕಿಯಿಂದ, "ಹೋಯ್, ಕಾಗೆ ಬಂತು ಕಾಗೆ! ಸುಮ್ನೆ ಕೂತು ನೋಡ್ತೀಯಲ್ಲೋ, ಓಡ್ಸೋ!" ಎಂದು ಕೂಗಿದಳು. ಮ್ಯೂಟ್ ಆಗಿರಲಿಲ್ಲ. ಮರುದಿನ ಮೀಟಿಂಗು ಶುರುವಾದದ್ದೇ ಪುಣೆಯಲ್ಲಿದ್ದ ಸಹೋದ್ಯೋಗಿಯೊಬ್ಬ ಕಾಗೆಯ ಯೋಗಕ್ಷೇಮ ವಿಚಾರಿಸುವುದರಿಂದ.

ಬೇಕಾದವರೆಲ್ಲ ಹೀಗೆ ಮನೆಯೊಳಗೇ ಇದ್ದರು. ಕೊರತೆಯಾದದ್ದು ಬೇಡದವರದ್ದು. ಸರಿಯಾಗಿ ಎಲೆ ಹಾಕುವ ಹೊತ್ತಿಗೆ ಬಂದು "ನಂದು ಊಟ ಆಯ್ತು" ಎನ್ನುತ್ತಲೇ ಕಾಲು ತೊಳೆಯುವ ದೂರದ ಸಂಬಂಧದ ಭಾವ. ಯಾರ ಮಗನಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ, ಯಾರ ತೋಟಕ್ಕೆ ಕೊಳೆ ಬಂತು ಎಂದು ಎಲೆಯಡಿಕೆಯ ಕವಳ ಹಾಕುತ್ತ ವರದಿ ಒಪ್ಪಿಸುವ ಆಚೆಮನೆಯವರು. ಇವರು ಬಂದರೆ ಗೊಣಗುತ್ತಿದ್ದ ಅಪ್ಪಯ್ಯನೇ ಸಂಜೆ ಜಗಲಿಯಲ್ಲಿ ಕವಳದ ಬಟ್ಟಲು ಮುಂದಿಟ್ಟುಕೊಂಡು ರಸ್ತೆ ನೋಡುತ್ತಿದ್ದ. ನಾವು ಎದುರು ಕೂತರೆ ಆಗುತ್ತಿರಲಿಲ್ಲ. "ನಿಮಗೆ ಗೊತ್ತಿರೋದೆಲ್ಲ ನನಗೂ ಗೊತ್ತು" ಎನ್ನುತ್ತಿದ್ದ. ನಿಜವೇ. ಮನೆಯವರ ನಡುವೆ ಪ್ರೀತಿ ಇರಬಹುದು, ಸುದ್ದಿ ಇರುವುದಿಲ್ಲ.

ಮದುವೆಗಳದ್ದು ಬೇರೆಯೇ ಕತೆ. ಮದುವೆಗೆ ಆಗ ಇದ್ದ 50 ಜನರ ಮಿತಿಯೊಳಗೆ ಪುರೋಹಿತರು, ಅಡುಗೆಯವರು, ವಾದ್ಯದವರು, ವಿಡಿಯೋದವರನ್ನು ಕಳೆದರೆ ಉಳಿಯುತ್ತಿದ್ದ ಸ್ಥಾನ ಎಷ್ಟು? ಸಾವಿರ ಜನಕ್ಕೆ ಬಡಿಸಿ ಅಭ್ಯಾಸವಿದ್ದ ಮನೆಗಳಲ್ಲಿ ಮೊದಲ ಬಾರಿ ನೆಂಟಸ್ತಿಕೆಯ ಲೆಕ್ಕಪತ್ರ ತಯಾರಾಯಿತು. ಕರೆಯ ಧಾಟಿಯೂ ಬದಲಾಯಿತು: "ನೀವು ಬರಲೇಬೇಕಿತ್ತು, ಲಿಂಕ್ ಕಳಿಸ್ತೇವೆ." ನಮ್ಮ ಚಿಕ್ಕಮ್ಮ ಇಂದಿಗೂ ಒಂದು ಮನೆಯವರ ಮೇಲೆ ಸಿಟ್ಟಾಗಿದ್ದಾಳೆ. "ನಮ್ಮನ್ನ ಐವತ್ತೊಂದನೆಯವರು ಮಾಡಿದ್ರು" ಎಂಬುದು ಅವಳ ದೂರು. ಐವತ್ತನೆಯವರು ಯಾರೆಂದು ಅವಳಿಗೆ ಗೊತ್ತಿದೆ. ಸಿಟ್ಟು ಇರುವುದು ಅದಕ್ಕೇ.

ನಗುವಂಥದ್ದಲ್ಲದ ಒಂದು ಸಂಗತಿಯೂ ಇದೆ. ನಮ್ಮ ಕಡೆ ಸಾವಿನ ಮನೆಯಲ್ಲಿ ಆ ದಿನ ಒಲೆ ಹಚ್ಚುವುದಿಲ್ಲ. ನೆರೆಮನೆಯಿಂದ ಗಂಜಿ ಬರುತ್ತದೆ. ಸೌದೆ ಒಟ್ಟುವುದರಿಂದ ಹಿಡಿದು ದನಕ್ಕೆ ಹುಲ್ಲು ಹಾಕುವವರೆಗೆ ಎಲ್ಲವನ್ನೂ ಕೇರಿಯೇ ನೋಡಿಕೊಳ್ಳುತ್ತದೆ. 2020ರ ಮಳೆಗಾಲದಲ್ಲಿ ಕೇರಿಯ ತುದಿಯ ಮನೆಯ ಅಜ್ಜ ವಯಸ್ಸಾಗಿಯೇ ತೀರಿಕೊಂಡಾಗ ಕೊರೊನಾ ಇರಬಹುದೇ ಎಂದು ಯಾರೂ ಒಳಗೆ ಹೋಗಲಿಲ್ಲ. ಗಂಜಿಯ ಪಾತ್ರೆಯನ್ನು ದಣಪೆಯ ಹತ್ತಿರ ಇಟ್ಟು ಬಂದೆವು. ಆ ಮನೆಯ ಸೊಸೆ ಪಾತ್ರೆ ತೊಳೆದು ಅಲ್ಲೇ ತಂದಿಟ್ಟಳು. ಆಕೆ ನಮ್ಮನ್ನು ಏನೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ.

ಬೇಲಿಯ ಬಿದಿರು ಯಾರದೋ ಒಲೆ ಸೇರಿದೆ. ಅಕ್ಕನ ಮಗನ ಆಫೀಸು 2021ರ ಹಪ್ಪಳದ ಕಾಲಕ್ಕೂ ತೆಗೆದಿರಲಿಲ್ಲ. ಆ ವರ್ಷ ಅವನ ಹಪ್ಪಳ ದುಂಡಗೆ ಬರುತ್ತಿತ್ತು. ಬೆಂಗಳೂರಿನ ಸುದ್ದಿ ನೋಡಿದರೆ ಕಾಯಿಲೆಯ ಮತ್ತೊಂದು ಸುತ್ತು ಶುರುವಾದಂತಿತ್ತು. ಈಗ ಓದುಗರಲ್ಲಿ ಒಂದು ವಿನಂತಿ: ಒಂದು ದಿನ, ಏನೂ ಕೆಲಸವಿಲ್ಲದೆ, ಫೋನೂ ಮಾಡದೆ, ಊಟದ ಹೊತ್ತಿಗೆ ಸರಿಯಾಗಿ ನಮ್ಮ ಕಡೆ ಬನ್ನಿ. ಎಲೆ, ಅಡಿಕೆ ನಮ್ಮಲ್ಲಿದೆ. ಸುಣ್ಣದ ಅಂಡೆ ಮಾತ್ರ ನಿಮ್ಮ ನಿಮ್ಮದೇ ತನ್ನಿ.