ಕೇಳ್ಲಾ ಮಗಾ

ಶಿರಾ, ಕೊರಟಗೆರೆ, ಪಾವಗಡ, ಮಧುಗಿರಿ, ಈ ನಾಲ್ಕು ತಾಲ್ಲೂಕಿನ ಯಾವ ಬೀದಿಗೆ ಹೋದರೂ ಇಂಥ ಒಬ್ಬ ಮಾವ ಇದ್ದೇ ಇರುತ್ತಾರೆ. ಸ್ವಂತ ಮಕ್ಕಳು ದೊಡ್ಡವರಾಗಿ, ಕೆಲಸ ಹಿಡಿದು, ಅವರ ಮಾತಿಗೆ ಸಿಗದಷ್ಟು ದೂರ ಹೋಗಿರುತ್ತಾರೆ. ಹಾಗಾಗಿ ಬೀದಿಯ ಮಕ್ಕಳೆಲ್ಲ ಅವರವೇ. ಪೇಪರಿನ ಯಾವ ಮೂಲೆಯಲ್ಲಿ 'ಪ್ರವೇಶ ಉಚಿತ' ಎಂದಿದ್ದರೂ ಅದು ಅವರ ಕಣ್ಣಿಗೆ ತಾನಾಗಿ ಬಂದು ಬೀಳುತ್ತದೆ. ವಸ್ತುಪ್ರದರ್ಶನ, ಫಲಪುಷ್ಪ ಪ್ರದರ್ಶನ, ನೇತ್ರ ತಪಾಸಣೆ ಶಿಬಿರ, ಯಾವುದಾದರೂ ಸರಿ, ಮಕ್ಕಳನ್ನು ಕಟ್ಟಿಕೊಂಡು ಹೊರಟುಬಿಡುತ್ತಾರೆ.

ಇವರಲ್ಲೂ ಊರೂರಿಗೆ ಒಂದೊಂದು ತಳಿ. ಶಿರಾ ಕಡೆಯವರು ಹೋದಲ್ಲೆಲ್ಲ ಹಂಚುವ ಕಾಗದ, ಸ್ಟಿಕ್ಕರ್, ಟೋಪಿ, ಬಟ್ಟೆ ಚೀಲಗಳನ್ನು ತಲೆಗೆ ನಾಲ್ಕರಂತೆ ತರುತ್ತಾರೆ. ಕೊರಟಗೆರೆಯವರು ರಾಕೆಟ್ ಮಾದರಿಯ ಮುಂದೆ ಇಡೀ ವಂಶವನ್ನು ಸಾಲಾಗಿ ನಿಲ್ಲಿಸಿ ಫೋಟೊ ಹೊಡೆಸುತ್ತಾರೆ. ಪಾವಗಡದವರು ವಿಜ್ಞಾನಿ ಕನ್ನಡದಲ್ಲೇ ಹೇಳಿದ್ದನ್ನು ತೆಲುಗಿಗೆ ತಿರುಗಿಸಿ ಪಕ್ಕದವರಿಗೆ ಇನ್ನೊಮ್ಮೆ ಹೇಳುತ್ತಾರೆ. ನನ್ನ ಪಾಲಿಗೆ ಬಂದದ್ದು ಮಧುಗಿರಿಯ ತಳಿ. ಇದು ಮಕ್ಕಳ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ನೂಕುತ್ತದೆ. ನೂಕುತ್ತಾ, "ಕೇಳ್ಲಾ ಮಗಾ, ಕೇಳು. ಹೆದರ್ಬೇಡ, ಕೇಳು" ಅನ್ನುತ್ತದೆ.

ಇವರು ಕೆಇಬಿಯಲ್ಲಿ ಲೈನ್‌ಮ್ಯಾನ್ ಆಗಿ ನಿವೃತ್ತರಾದವರು. ಈಗ ಆ ಇಲಾಖೆಗೆ ಬೆಸ್ಕಾಂ ಎಂದು ಹೆಸರಾದರೂ ಇವರ ಬಾಯಲ್ಲಿ ಇನ್ನೂ ಕೆಇಬಿಯೇ. ಕಂಬ ಹತ್ತಿ ಹತ್ತಿ ಆಕಾಶಕ್ಕೆ ನಮ್ಮೆಲ್ಲರಿಗಿಂತ ತಾವೇ ಹತ್ತಿರ ಎಂಬ ನಂಬಿಕೆ ಬೆಳೆದಿದೆ. ಜೇಬಿನಲ್ಲಿ ಸದಾ ಒಂದು ಹಳೇ ಎರಡು ರೂಪಾಯಿ ನೋಟು. ಅದರ ಹಿಂಬದಿಯಲ್ಲಿ ಆರ್ಯಭಟ ಉಪಗ್ರಹದ ಚಿತ್ರವಿದೆ. ನೋಟನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಪಾವಗಡದ ಶನಿಮಹಾತ್ಮನ ಫೋಟೊ ಜೊತೆ ಜೋಡಿಸಿದ್ದಾರೆ. ಎರಡನ್ನೂ ಬೇರ್ಪಡಿಸಿದ್ದನ್ನು ನಾನು ನೋಡಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಕಡೆಯವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟು, ವರ್ಷಕ್ಕೊಂದು ದಿನ ಎಲ್ಲರಿಗೂ ಬಾಗಿಲು ತೆರೆಯುತ್ತದೆ. ಕಾಸಿಲ್ಲ, ಕರೆಯೋಲೆ ಬೇಕಿಲ್ಲ. 2025ರಲ್ಲಿ ಅದು ಮಾರ್ಚಿನ ಒಂದು ಶನಿವಾರ ಬಂತು. ಶನಿವಾರ ಮಾವನಿಗೆ ಪಾವಗಡದ ದಿನ. ಎರಡು ದಿನ ಯೋಚಿಸಿ, "ಶನಿಮಹಾತ್ಮ ಮುಂದಿನ ವಾರಾನೂ ಇರ್ತಾನೆ, ಅವನೇನು ಓಡಿಹೋಗೋನಲ್ಲ" ಎಂದು ತೀರ್ಮಾನಿಸಿದರು.

ಒಂಬತ್ತು ಮಕ್ಕಳು, ಒಂದು ಚಿತ್ರಾನ್ನದ ಡಬ್ಬಿ, ಒಂದು ಕೊಡೆ, ಆಮೇಲೆ ನಾನು. ಬೆಳಗಿನ ಜಾವ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಅವರು ಎಣಿಸಿದ್ದು ಇದೇ ಕ್ರಮದಲ್ಲಿ. ಒಂಬತ್ತರಲ್ಲಿ ಆರು ಹೆಣ್ಣುಮಕ್ಕಳು. "ವಿಜ್ಞಾನಕ್ಕೆ ಹೆಣ್ಮಕ್ಕಳೇ ಸರಿ" ಎಂದರು. ಎಂಥ ಮುಂದುವರಿದ ಮನುಷ್ಯ ಎಂದು ನಾನು ಬೆರಗಾಗಿರುವಾಗಲೇ ಕಂಡಕ್ಟರ್ ಬಂದ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಅನ್ನುವುದು ಆಗ ನೆನಪಾಯಿತು.

ಕೊರಟಗೆರೆ, ದಾಬಸ್‌ಪೇಟೆ, ನೆಲಮಂಗಲ ದಾಟಿ ಪೀಣ್ಯದ ಮೇಲ್ಸೇತುವೆ ಹತ್ತುತ್ತಿದ್ದಂತೆ ಮಾವ ಎದ್ದು ನಿಂತು ಎಲ್ಲ ಮಕ್ಕಳನ್ನೂ ಎಬ್ಬಿಸಿದರು. "ನೋಡ್ರಲಾ, ಆರ್ಯಭಟ ಹುಟ್ಟಿದ ಜಾಗ!" ಅವರ ಬೆರಳಿನ ದಿಕ್ಕಿನಲ್ಲಿ ಒಂದು ತಾರಸಿ, ಅದರ ಮೇಲೆ ಒಣಹಾಕಿದ ಬನಿಯನ್ನು. ಆದರೂ ಕಥೆ ಸುಳ್ಳಲ್ಲ. ಪೀಣ್ಯದ ಶೀಟು ಹೊದಿಸಿದ ಶೆಡ್ಡುಗಳಲ್ಲಿ ಯು. ಆರ್. ರಾವ್ ಅವರ ತಂಡ ಕಟ್ಟಿದ 360 ಕೆ.ಜಿ. ತೂಕದ ಆರ್ಯಭಟವನ್ನು ರಷ್ಯದವರು 1975ರ ಏಪ್ರಿಲ್ 19ರಂದು ತಮ್ಮ ರಾಕೆಟ್ಟಿನಲ್ಲಿ ಹಾರಿಸಿಕೊಟ್ಟರು. ನಾಲ್ಕು ದಿನ ಚೆನ್ನಾಗಿ ನಡೆದು, ಆಮೇಲೆ ಒಳಗಿನ ಪ್ರಯೋಗಗಳಿಗೆ ಹೋಗುವ ಕರೆಂಟು ಕೈಕೊಟ್ಟಿತು. ಈ ಭಾಗ ಬಂದಾಗ ಮಾವನ ಧ್ವನಿ ಇಳಿಯುತ್ತದೆ. ಐವತ್ತು ವರ್ಷವಾದರೂ ಅದು ತಮ್ಮ ಸೆಕ್ಷನ್ನಿನಲ್ಲೇ ಆದ ಫಾಲ್ಟ್ ಎಂಬಂತೆ ಸಂಕಟಪಡುತ್ತಾರೆ. "ಒಂದು ಏಣಿ ಇದ್ದಿದ್ರೆ ನಾನೇ ಹೋಗಿ ಫ್ಯೂಸ್ ಹಾಕ್ತಿದ್ದೆ."

ಟಾಟಾ ಇನ್‌ಸ್ಟಿಟ್ಯೂಟಿನ ಗೇಟಿನಲ್ಲಿ ಜನವೋ ಜನ, ದಂಡಿನ ಮಾರಮ್ಮನ ಜಾತ್ರೆಯ ಹಾಗೆ. ನಾನು ಕೊಂಚ ಹಿಂಜರಿದೆ. ಮಾವ ಹಿಂಜರಿಯಲಿಲ್ಲ. "ನಮ್ಮ ನಾಲ್ವಡಿಯವರು 371 ಎಕರೆ ಕೊಟ್ಟ ಜಾಗ ಇದು. ನಮಗ್ಯಾಕೆ ಸಂಕೋಚ?" ಎಂದು, ಪಹಣಿ ತಮ್ಮ ಹೆಸರಿನಲ್ಲೇ ಇರುವಂತೆ ಒಳನುಗ್ಗಿದರು.

ಮುಂದಿನ ಮೂರು ಗಂಟೆಯಲ್ಲಿ ಆದದ್ದನ್ನೆಲ್ಲ ಹೇಳುವುದಿಲ್ಲ. ಉಪಗ್ರಹದ ಸೌರಫಲಕ ತೋರಿಸಿದವರಿಗೆ, "ಇಂಥ ಪ್ಲೇಟು ನಮ್ಮ ಪಾವಗಡದ ತಿರುಮಣಿ ಕಡೆ 13,000 ಎಕರೆ ಹಾಕವ್ರೆ, 2,050 ಮೆಗಾವಾಟ್" ಎಂದು ತಿಳಿಸಿ ಅವರನ್ನು ಸುಮ್ಮನಾಗಿಸಿದರು. ಚಂದ್ರಯಾನ-3 ಇಳಿದ ಹೊತ್ತನ್ನು, 2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷ, ಮಗಳ ಮುಹೂರ್ತ ಹೇಳಿದಷ್ಟು ಖಚಿತವಾಗಿ ಹೇಳಿದರು. ಪ್ರತಿ ಮಳಿಗೆಯಲ್ಲೂ ಒಂದು ಮಗುವಿನ ಬೆನ್ನಿಗೆ ಅಂಗೈ ಬೀಳುತ್ತಿತ್ತು. ಆ ಮಗು ತಲೆತಗ್ಗಿಸಿ ನಿಂತರೆ, "ಅವನು ಏನು ಕೇಳ್ತಾನೆ ಅಂದ್ರೆ..." ಎಂದು ಮಾವ ಶುರುಮಾಡುತ್ತಿದ್ದರು. ಆ ಮಗು ಏನನ್ನೂ ಕೇಳುತ್ತಿರಲಿಲ್ಲ. ಮನೆಗೆ ಹೋಗೋಣ ಎನ್ನುತ್ತಿತ್ತು, ಅಷ್ಟೇ.

ಆದರೆ ಪುಟ್ಟನ ವಿಷಯ ಹೇಳಲೇಬೇಕು.

ಪುಟ್ಟ ಮೂರನೇ ಕ್ಲಾಸು. ಯಶವಂತಪುರದಲ್ಲಿ ಇಳಿದ ಮೇಲೆ ಒಂದು ಲೋಟ ಕಬ್ಬಿನ ಹಾಲು, ಒಂದು ಬಾಟಲಿ ನೀರು ಒಳಗಿಳಿಸಿದ್ದ. ಬಾಹ್ಯಾಕಾಶದ ಮಳಿಗೆಯ ಮುಂದೆ ನೂರು ಜನ ಸೇರಿದ್ದಾಗ ಮಾವನ ಅಂಗೈ ಈ ಬಾರಿ ಅವನ ಬೆನ್ನನ್ನೇ ಹುಡುಕಿಕೊಂಡು ಹೋಯಿತು. ವಿವರಿಸುತ್ತಿದ್ದವಳು ಸಂಶೋಧನೆ ಮಾಡುವ ಹುಡುಗಿ, ಧಾರವಾಡದ ಕಡೆಯವಳು. ಮೈಕು ತಂದು ಪುಟ್ಟನ ಬಾಯಿಗೇ ಹಿಡಿದಳು. ಪುಟ್ಟ ಎರಡೂ ಕಾಲು ಹೆಣೆದುಕೊಂಡು, ಅಳುವ ದನಿಯಲ್ಲಿ, "ಒಂದಕ್ಕೆ ಎಲ್ಲಿ ಹೋಗ್ಬೇಕು?" ಎಂದ.

ಹುಡುಗಿಯ ಮುಖ ಅರಳಿತು. "ಭಾಳ ಚಲೋ ಪ್ರಶ್ನೆ ಕೇಳಿದಿ ನೋಡು! ಎಲ್ಲಾರ ಮನಸಿನ್ಯಾಗೂ ಇರತೈತಿ, ಯಾರೂ ಕೇಳಂಗಿಲ್ಲ. ಬಾಹ್ಯಾಕಾಶ ನಿಲ್ದಾಣದಾಗ ನೀರು ಕೆಳಗ ಬೀಳಂಗಿಲ್ಲ, ಉಂಡಿ ಆಗಿ ತೇಲತೈತಿ. ಅದಕ್ಕ ಒಂದು ಕೊಳವಿ ಇರತೈತಿ, ಫ್ಯಾನ್ ಹಚ್ಚಿ ಗಾಳಿಯಿಂದ ಒಳಗ ಎಳಕೋತಾರ. ಆಮ್ಯಾಲೆ ಅದನ್ನ ಶುದ್ಧ ಮಾಡಿ ಮತ್ತ ಕುಡೀತಾರ. ನೂರು ಲೀಟರ್ ನೀರಿನಾಗ 98 ಲೀಟರ್ ವಾಪಸ್ ಬರತೈತಿ!"

ಜನ ಚಪ್ಪಾಳೆ ತಟ್ಟಿದರು. ಪುಟ್ಟ ಬಿಳಿಚಿಕೊಂಡ. ಕೇಳಿದ್ದಕ್ಕೆ ದಾರಿ ಸಿಗಲಿಲ್ಲ, ಮೇಲಾಗಿ ಅದನ್ನೇ ಕುಡಿಯಬೇಕಾಗಬಹುದು ಎಂಬ ಸುದ್ದಿ ಬೇರೆ. ಅಲ್ಲಿಗಾದರೂ ಮುಗಿಯಿತೆ? ಹೆಮ್ಮೆಯಿಂದ ಉಬ್ಬಿದ್ದ ಮಾವ ಮೈಕು ಇಸಕೊಂಡರು. ಆರ್ಯಭಟದ ಕಾಲದಲ್ಲಿ ಬೆಂಗಳೂರಿನಲ್ಲಿ ಜಾಗ ಸಾಲದೆ ಒಂದು ಶೌಚಾಲಯವನ್ನೇ ಉಪಗ್ರಹದ ಮಾಹಿತಿ ಹಿಡಿಯುವ ಕೋಣೆಯಾಗಿ ಮಾಡಿಕೊಂಡಿದ್ದರು ಎಂಬ ಕಥೆಯನ್ನು, ಅದೂ ನಿಜವಾದ ಕಥೆಯೇ, ಶುರುಹಚ್ಚಿದರು. ಶೌಚಾಲಯ ಎಂಬ ಮಾತು ಮೈಕಿನಲ್ಲಿ ಐದು ಸಲ ಮೊಳಗಿತು. ಐದನೇ ಸಲಕ್ಕೆ ನಾನು ಪುಟ್ಟನನ್ನು ಎತ್ತಿಕೊಂಡು ಓಡಿದೆ. ದಾರಿ ತೋರಿಸುವ ಬೋರ್ಡು ಅಲ್ಲೇ ಇತ್ತು. ಮಾವ ಬಿಚ್ಚಿ ಹಿಡಿದಿದ್ದ ಕೊಡೆ ಅದಕ್ಕೆ ಅಡ್ಡವಾಗಿತ್ತು. ನನ್ನ ಬಲಗಾಲಿನ ಶೂ ಒಣಗಿದ್ದು ಸೋಮವಾರ.

ನಾವು ವಾಪಸ್ ಬರುವಷ್ಟರಲ್ಲಿ ಜನ ಕರಗಿದ್ದರು. ಉಳಿದ ಮಕ್ಕಳು ಹುಲ್ಲಿನ ಮೇಲೆ ಉರುಳಿಕೊಂಡಿದ್ದರು. ಮಾವ ಶನಿಗ್ರಹದ ದೊಡ್ಡ ಚಿತ್ರದ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದರು. ನೂಕಲು ಹತ್ತಿರದಲ್ಲಿ ಮಗು ಇರಲಿಲ್ಲ. ಅಂಗೈ ಬಂದು ಐವತ್ತು ದಾಟಿದ ನನ್ನ ಬೆನ್ನಿಗೆ ಬಿತ್ತು. "ಈ ತಿಂಗಳ ಕೊನೇಲಿ ಶನಿ ಮೀನಕ್ಕೆ ಬರ್ತಾನೆ. ನಿಂದು ಮೇಷ. ಸಾಡೇಸಾತಿ ಶುರು. ಕೇಳ್ಲಾ, ಹೆದರ್ಬೇಡ."

ನನಗೆ ಸಾಡೇಸಾತಿ ಬೆಳಗಿನ ಜಾವ ಬಸ್ ಸ್ಟ್ಯಾಂಡಿನಲ್ಲೇ ಶುರುವಾಗಿತ್ತು. ಆದರೂ ಎಂಟನೇ ಕ್ಲಾಸಿನವನ ಹಾಗೆ ಕೈಕಟ್ಟಿ ಕೇಳಿದೆ.

ಹುಡುಗಿ ನಗಲಿಲ್ಲ. "ಫಲ ನಂಗ ಗೊತ್ತಿಲ್ರಿ. ಲೆಕ್ಕ ಬೇಕಾದ್ರ ಹೇಳ್ತೀನಿ. ಶನಿ ಒಂದು ಸುತ್ತು ಮುಗಿಸಾಕ ಇಪ್ಪತ್ತೊಂಬತ್ತೂವರಿ ವರ್ಷ. ಹನ್ನೆರಡು ರಾಶಿಗೆ ಹಂಚಿದ್ರ ಒಂದಕ್ಕ ಎರಡೂವರಿ. ನಿಮ್ಮದು, ಹಿಂದಿಂದು, ಮುಂದಿಂದು, ಮೂರು ಸೇರಿಸ್ರಿ. ಏಳೂವರಿ. ಯಾರೋ ದುರ್ಬೀನು ಇಲ್ಲದ ಕಾಲದಾಗ ವರ್ಷಗಟ್ಟಲೆ ಆಕಾಶ ನೋಡಿ ಎಣಿಸ್ಯಾರ್ರಿ." ಈ ಮಾರ್ಚಿನಲ್ಲಿ ಶನಿಯ ಉಂಗುರ ನಮಗೆ ಅಂಚಾಗಿ ತಿರುಗುತ್ತದೆ, ದೊಡ್ಡ ದುರ್ಬೀನಿಗೂ ಗೆರೆಯಷ್ಟೇ, ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತದೆ ಎಂದೂ ಹೇಳಿದಳು.

ಮಾವ ಬೆರಳು ಮಡಿಚಿ ಎರಡೂವರೆ, ಐದು, ಏಳೂವರೆ ಎಂದು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಇಷ್ಟು ಹೊತ್ತು ಅವರು ಮಾತಾಡದೆ ಇದ್ದದ್ದನ್ನು ನಾನು ಕಂಡಿರಲಿಲ್ಲ.

"ನಿಮ್ಮದೇನಾದ್ರೂ ಪ್ರಶ್ನೆ ಐತೇನ್ರಿ ಅಜ್ಜಾರ?" ಎಂದಳು.

ಮಾವ ಆ ಕಡೆ ನೋಡಿದರು, ಈ ಕಡೆ ನೋಡಿದರು. ಬೆನ್ನಿಗೆ ಕೈಯಿಡುವವರು ಯಾರೂ ಇರಲಿಲ್ಲ. ಕೊನೆಗೆ, "ಊಟ ಆಯ್ತೇನಮ್ಮಾ?" ಎಂದರು.

ಆಗಿರಲಿಲ್ಲ. ಮೂರೂವರೆ ಗಂಟೆ, ಬೆಳಗಿನಿಂದ ನಿಂತೇ ಇದ್ದಳು. ಬಸ್ಸಿಗೆಂದು ನಾನು ಕಣ್ಣಿಟ್ಟಿದ್ದ ಕಡೆಯ ಪಾಲಿನ ಚಿತ್ರಾನ್ನ ಮೇಜಿನ ಮೇಲೆ, ಉಪಗ್ರಹದ ಮಾದರಿಯ ಪಕ್ಕ ತೆರೆದುಕೊಂಡಿತು. ಅವಳು ತಿನ್ನುತ್ತಿರುವಷ್ಟೂ ಹೊತ್ತು ಬಂದವರಿಗೆಲ್ಲ ಮಾವನೇ ಶನಿಯ ಲೆಕ್ಕ ಒಪ್ಪಿಸಿದರು. ತಪ್ಪಿಲ್ಲದೆ ಒಪ್ಪಿಸಿದರು.

ವಾಪಸ್ ಬಸ್ಸಿನಲ್ಲಿ ಎಂಟು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆಹೋಗಿದ್ದರು. ಮಾವ ಕೊಡೆಗೆ ಗಲ್ಲ ಊರಿ, ಬಾಯಿ ತೆರೆದು ಮಲಗಿದ್ದರು. ಕೊನೆಗೂ ನೆಮ್ಮದಿ ಎಂದು ನಾನು ಕಾಲು ಚಾಚಿದೆ. ಪೀಣ್ಯದ ದೀಪಗಳು ಕಿಟಕಿಯಲ್ಲಿ ಬಂದಾಗ ನನ್ನ ತೊಡೆಯ ಮೇಲಿದ್ದ ಪುಟ್ಟ ತಲೆಯೆತ್ತಿದ.

"ಅಂಕಲ್, ಆರ್ಯಭಟ ಈಗ್ಲೂ ಮೇಲೇ ಐತಾ? ಫ್ಯೂಸ್ ಹಾಕೋಕೆ ಯಾರೂ ಹೋಗ್ಲಿಲ್ವಾ?"

ಅದು 1992ರಲ್ಲಿ ಕಕ್ಷೆಯಿಂದ ಇಳಿದು ವಾತಾವರಣಕ್ಕೆ ಬಿದ್ದು ಮುಗಿದುಹೋಯಿತೆಂದು ನನಗೆ ಗೊತ್ತು. ಮಾವನಿಗೂ ಗೊತ್ತಿರಲೇಬೇಕು. ಆದರೆ ನೋಟು ತೆಗೆದು ಕಥೆ ಹೇಳಿದ ಇಷ್ಟು ವರ್ಷಗಳಲ್ಲಿ ಆ ಭಾಗವನ್ನು ಅವರು ಒಮ್ಮೆಯೂ ಹೇಳಿದ್ದಿಲ್ಲ.

ಹುಡುಗ ಕಾಯುತ್ತಿದ್ದ. ನಾನು ಬಗ್ಗಿ ಮಾವನ ಭುಜ ಅಲ್ಲಾಡಿಸಿದೆ.

"ಮಾವ, ಏಳಿ. ಇವನೇನೋ ಕೇಳ್ತಾನೆ."