ಖಾಲಿ ಜಗಲಿಯ ಫೋಟೊ

ಖಾಲಿ ಜಗಲಿಯೊಂದರ ಫೋಟೊ ತೆಗೆದು ಏಕಾಂತ ಸವಿಯೋಣವೆಂದು ಚನ್ನಪಟ್ಟಣದಿಂದ ಅಕ್ಕೂರಿಗೆ ಹೋದೆ. ಕ್ಯಾಮೆರಾ ಎತ್ತಿದ್ದೇ ತಡ, "ಸರ್ವೆಯವರಾ? ರಸ್ತೆ ಅಗಲ ಮಾಡ್ತೀರಾ?" ಎನ್ನುತ್ತ ಒಬ್ಬ ಅಜ್ಜ ಬಂದರು. ಹಿಂದೆ ಇಬ್ಬರು ಹುಡುಗರು, ಅವರ ಹಿಂದೆ ಮೇಕೆ. "ಖಾಲಿ ಜಗಲಿ ಬೇಕಿತ್ತು" ಎಂದೆ. "ಖಾಲಿ ಯಾಕೆ ಬಿಡಬೇಕು?" ಎಂದು ಅಜ್ಜ ಕೂತೇಬಿಟ್ಟರು.

ನನಗಿಂತ ಪ್ಯಾರಿಸ್ಸಿನ ಫೋಟೊಗ್ರಾಫರ್ ಡಾಗೆರ್ ಪುಣ್ಯವಂತ. 1838ರಲ್ಲಿ ಗಿಜಿಗುಡುವ ಬೀದಿಯ ಚಿತ್ರ ತೆಗೆದ. ಆಗ ಬಿಂಬ ಮೂಡಲು ನಿಮಿಷಗಟ್ಟಲೆ ಬೇಕಿತ್ತಲ್ಲ, ಓಡಾಡುವವರೆಲ್ಲ ಮಾಯ! ಬೂಟು ಪಾಲಿಶ್‌ಗೆ ಕಾಲು ಕೊಟ್ಟು ನಿಂತವನಷ್ಟೇ ಎದ್ದು ಕಂಡ.

ನಾನೂ ಟ್ರೈಪಾಡ್ ಹೂಡಿ, ಶಟರ್ ತುಸು ಹೊತ್ತು ತೆರೆದಿಟ್ಟೆ. ಹುಡುಗರು, ಮೇಕೆ ಮಸುಕಾದರು. ಅಜ್ಜ ಮಾತ್ರ ಚನ್ನಪಟ್ಟಣದ ಮರದ ಬೊಂಬೆ, ಕಣ್ಣೂ ಮಿಟುಕಿಸಲಿಲ್ಲ. "ಚೆನ್ನಾಗಿ ಬಂತಾ?"

ಏಕಾಂತ ಸಿಕ್ಕಿದ್ದು ಕೊನೆಯ ಬಸ್ಸು ತಪ್ಪಿದ ಮೇಲೆ. ಅಷ್ಟರಲ್ಲಿ ಕತ್ತಲಾಗಿತ್ತು, ಬ್ಯಾಟರಿಯೂ ಮುಗಿದಿತ್ತು.